‘ಫ್ರೀ ಅಪ್‌ಗ್ರೇಡ್’ ಅಂತ ದೊಡ್ಡ ಕ್ಯಾರವಾನ್ ಕಳಿಸಿದರೆ ಹತ್ತಬೇಡಿ

ರಿಟೈರ್ ಆದ ಮೇಲೆ ಗಂಡ ಹೆಂಡತಿ ಇಬ್ಬರೇ, ಮಲಗಲು, ಅಡುಗೆ ಮಾಡಲು ಒಳಗೇ ಜಾಗ ಇರುವ ಕ್ಯಾರವಾನ್‌ನಲ್ಲಿ ಊರೂರು ಸುತ್ತುವ ಆಸೆ ನಮ್ಮ ಉಡುಪಿ, ಮಂಗಳೂರು ಕಡೆ ಸುಮಾರು ಜನರಿಗೆ ಬಂದಿದೆ. ನನ್ನ ಜೊತೆ ಬ್ಯಾಂಕಿನಲ್ಲಿದ್ದ ಗೆಳೆಯರಲ್ಲೇ ಕೆಲವರು ವಿಚಾರಿಸುತ್ತಾ ಇದ್ದಾರೆ. ಅವರು ಮೊದಲು ಕೇಳುವುದು ರೇಟು. ಆಮೇಲೆ ಎಸಿ ಇದೆಯಾ, ಟಿವಿ ಇದೆಯಾ. ಉದ್ದ ಎಷ್ಟು, ತೂಕ ಎಷ್ಟು ಅಂತ ಕೇಳುವವರು ಕಮ್ಮಿ. ನಾವು ಅದನ್ನೆಲ್ಲ ಕೇಳಿ, ಮನೆಯ ಓಣಿಯನ್ನು ಟೇಪ್ ಹಿಡಿದು ಅಳೆದು, ಚಿಕ್ಕದನ್ನೇ ಬುಕ್ ಮಾಡಿದ್ದೆವು. ಬಾಡಿಗೆಯವರು ಕಳಿಸಿದ್ದು ದೊಡ್ಡದು. ಮುಂದೆ ಏನೇನು ಪಜೀತಿ ಆಯಿತು ಅಂತ ಬರೆಯುತ್ತಿದ್ದೇನೆ. ಬಾಡಿಗೆಗೆ ಹಿಡಿಯುವವರು, ಕೊಳ್ಳುವವರು ಇಬ್ಬರೂ ಓದಿ.

ಕೊಳ್ಳುವ ಮೊದಲು ಒಮ್ಮೆ ಬಾಡಿಗೆಗೆ ತಗೊಂಡು ನೋಡೋಣ ಅಂತ ನಮ್ಮ ಲೆಕ್ಕ. ಬುಕ್ ಮಾಡಿದ್ದು ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ, ಸುಮಾರು ಆರು ಮೀಟರ್ ಉದ್ದದ ಗಾಡಿ. ಅಕ್ಟೋಬರ್‌ನ ಒಂದು ಬೆಳಿಗ್ಗೆ ಡ್ರೈವರ್ ಫೋನ್ ಮಾಡಿ, ‘ಸರ್, ನಿಮ್ಮ ಓಣಿಗೆ ಗಾಡಿ ಬರಲ್ಲ, ಹೈವೇ ಬದೀಲಿ ನಿಲ್ಸಿದೀನಿ’ ಅಂದ. ಡ್ರೈವರ್ ಯಾಕೆ, ನಾವು ಸೆಲ್ಫ್ ಡ್ರೈವ್ ಅಲ್ವಾ ಕೇಳಿದ್ದು ಅಂತ ಹೋಗಿ ನೋಡಿದರೆ ಬಸ್ಸಿನ ಚಾಸಿಸ್ ಮೇಲೆ ಕಟ್ಟಿದ ಗಾಡಿ. ಹೆಚ್ಚುಕಡಿಮೆ ಒಂಬತ್ತು ಮೀಟರ್. ಆಫೀಸಿಗೆ ಫೋನ್ ಮಾಡಿದೆ. ‘ನೀವು ಬುಕ್ ಮಾಡಿದ್ದು ಸರ್ವಿಸ್‌ಗೆ ಹೋಗಿದೆ ಸರ್. ಅದೇ ರೇಟಿಗೆ ದೊಡ್ಡದು ಕೊಟ್ಟಿದ್ದೇವೆ, ಫ್ರೀ ಅಪ್‌ಗ್ರೇಡ್. ಎಲ್ಲರೂ ಖುಷಿ ಪಡ್ತಾರೆ ಸರ್.’ ಬೇಡ ಅಂದರೆ ಅಡ್ವಾನ್ಸ್ ವಾಪಸ್ ಇಲ್ಲವಂತೆ. ಓಣಿಯ ಎರಡೂ ಕಡೆ ಕೆಂಪುಕಲ್ಲಿನ ಕಾಂಪೌಂಡು. ಮನೆಯನ್ನೇ ಜೊತೆಗೆ ಒಯ್ಯುವ ಗಾಡಿಗೆ ಸಾಮಾನು ಹಾಕಲು ಆಟೋರಿಕ್ಷಾ ಕರೆಸಬೇಕಾಯಿತು.

ಡ್ರೈವರ್ ಯಾಕೆ ಬಂದ ಅನ್ನುವುದು ಮುಖ್ಯ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಎಲ್‌ಎಂವಿ, ಅಂದರೆ ಹಗುರ ಗಾಡಿಯ ಲೈಸೆನ್ಸ್. ಬಸ್ ಥರದ ಗಾಡಿಯ ಒಟ್ಟು ತೂಕ, ಅಂದರೆ ಜನ, ಸಾಮಾನು, ನೀರು ಎಲ್ಲ ಸೇರಿದ ತೂಕ, 7,500 ಕಿಲೋ ದಾಟಿದರೆ ಆ ಲೈಸೆನ್ಸ್ ಸಾಲದು. ಈ ಗಾಡಿ ದಾಟಿತ್ತು. ಹಾಗಾಗಿ ಡ್ರೈವರ್ ಬೇಕೇ ಬೇಕು, ಅವನ ಬಾಟಾ, ಊಟ ನಮ್ಮದು. ‘ಅದೇ ರೇಟು’ ಅಲ್ಲಿಗೇ ಮುಗಿಯಿತು. ಹುಡುಗ ಒಳ್ಳೆಯವನೇ, ಅವನದೇನೂ ತಪ್ಪಿಲ್ಲ. ಆದರೆ ರಾತ್ರಿ ಅವನು ಮಲಗುವುದು ಮುಂದಿನ ಸೋಫಾದಲ್ಲಿ, ಬಾಗಿಲು ಇರುವುದೂ ಅಲ್ಲೇ. ನನ್ನ ಹೆಂಡತಿ ಹೊರಗೆ ಹೋಗಬೇಕಾದರೆ ಮೊದಲು ಕೆಮ್ಮಿ, ಲೈಟ್ ಹಾಕಿ, ‘ತಮ್ಮಾ, ಸ್ವಲ್ಪ’ ಅನ್ನಬೇಕು. ಇಬ್ಬರೇ ಹೋಗುವ ಪ್ರವಾಸದ ಸುಖ ಹೀಗಿತ್ತು.

ಉಡುಪಿಯಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ ಹತ್ತಿ ಶೃಂಗೇರಿ ಅಂತ ನಮ್ಮ ಯೋಜನೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಅಲ್ಲಿ ಮಿನಿ ಬಸ್ಸುಗಳು ಓಡುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ, ಸುಮ್ನೆ ಶೋಕಿಗೆ ಮಿನಿ ಬಸ್ ಹಾಕಿದ್ದಲ್ಲ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಒಳಬದಿಯಿಂದ ಕೊರೆದುಕೊಂಡು ಬರುತ್ತದೆ, ಚಕ್ರದ ಹಿಂದೆ ಚಾಚಿದ ಬಾಲ ಹೊರಗೆ ಬೀಸುತ್ತದೆ. ಎದುರಿಂದ ಒಂದು ಕಾರ್ ಬಂದರೂ ಮುಗೀತು. ಸೋಮೇಶ್ವರದ ಚೆಕ್‌ಪೋಸ್ಟಿನಲ್ಲಿ ಇದ್ದವರು ಗಾಡಿಯ ಸುತ್ತ ಒಂದು ಸುತ್ತು ಬಂದು, ‘ಇದು ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಬಸ್ಸಿನಷ್ಟು ಉದ್ದ ಉಂಟಲ್ಲ’ ಅಂದರು. ವಾದ ಮಾಡಲು ನನಗೆ ಏನೂ ಉಳಿದಿರಲಿಲ್ಲ. ಅವರು ಹೇಳಿದ್ದು ಸರಿಯೇ. ಹಿಂದೆ ಬಂದು ಹೆಬ್ರಿ, ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ ಅಂತ ಸುತ್ತಿಕೊಂಡು ಹೋದೆವು. ಮಧ್ಯಾಹ್ನದ ಊಟಕ್ಕೆ ಶೃಂಗೇರಿ ಸೇರಬೇಕಾದವರು ಕತ್ತಲಾದ ಮೇಲೆ ಸೇರಿದೆವು. ಹೆಚ್ಚಿಗೆ ಓಡಿದ ಕಿಲೋಮೀಟರ್‌ನ ದುಡ್ಡೂ ನಮ್ಮ ತಲೆಗೇ.

ಕರಾವಳಿಯಿಂದ ಹೊರಡುವ ನಮಗೆ ಎಲ್ಲಿಗೆ ಹೋಗಲೂ ಒಂದು ಘಾಟಿ ಹತ್ತಲೇಬೇಕು, ಇಲ್ಲವೇ ಹೈವೇ 66 ಹಿಡಿದು ಕಾರವಾರದ ಕಡೆಗೋ ಕಾಸರಗೋಡಿನ ಕಡೆಗೋ ಹೋಗಬೇಕು. 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲೂ ದೊಡ್ಡ ಗಾಡಿಗಳಿಗೆ ನಿರ್ಬಂಧ ಬಂದಿತ್ತು. ಮಳೆಗಾಲದಲ್ಲಿ ಯಾವ ಘಾಟಿ ಯಾವಾಗ ಬಂದ್ ಅಂತ ಡಿಸಿ ಆದೇಶ ನೋಡಿಯೇ ಹೊರಡಬೇಕು, ಅದರಲ್ಲೂ ಮೊದಲು ನಿಲ್ಲುವುದು ದೊಡ್ಡ ಗಾಡಿ. ಗಾಡಿ ಚಿಕ್ಕದಾದರೆ ದಾರಿಗಳು ಜಾಸ್ತಿ. ಯೂಟ್ಯೂಬ್‌ನಲ್ಲಿ ಅಮೆರಿಕದ ದೊಡ್ಡ ಮೋಟರ್‌ಹೋಮ್ ನೋಡಿ ಮರುಳಾಗುವವರಿಗೆ ಇದು ಹೊಳೆಯುವುದಿಲ್ಲ.

ಅಲ್ಲಿ ಬಸ್ಸಿನಂಥ ದೊಡ್ಡದಕ್ಕೆ ಕ್ಲಾಸ್ ಎ, ವ್ಯಾನ್ ಮಾದರಿಯದಕ್ಕೆ ಕ್ಲಾಸ್ ಬಿ, ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿರುವುದಕ್ಕೆ ಕ್ಲಾಸ್ ಸಿ ಅನ್ನುತ್ತಾರೆ. ಕ್ಲಾಸ್ ಎ ಇಟ್ಟುಕೊಂಡವರು ಅದನ್ನು ಕ್ಯಾರವಾನ್ ಪಾರ್ಕಿನಲ್ಲಿ ನಿಲ್ಲಿಸಿ ನೀರು, ಕರೆಂಟು, ಚರಂಡಿ ಪೈಪು ಸಿಕ್ಕಿಸಿಬಿಡುತ್ತಾರೆ. ಎಷ್ಟೋ ಜನ ಹಿಂದೆ ಒಂದು ಚಿಕ್ಕ ಕಾರನ್ನೂ ಎಳೆದುಕೊಂಡು ಬರುತ್ತಾರೆ, ಊರು ಸುತ್ತುವುದು ಅದರಲ್ಲಿ. ಯುರೋಪಿನಲ್ಲಿ ಕಾರ್ ಲೈಸೆನ್ಸಿಗೆ 3,500 ಕಿಲೋ ಅನ್ನುವುದು ಬಹುಕಾಲದ ಮಿತಿ, ಅದಕ್ಕೇ ಅಲ್ಲಿ ಆ ತೂಕದೊಳಗೆ ಕಟ್ಟಿದ ಗಾಡಿಗಳೇ ಜಾಸ್ತಿ. ನಮ್ಮ ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದಿತು, ವಾಗಮಣ್‌ನಲ್ಲಿ ಪಾರ್ಕ್ ಕೂಡ ಆಯಿತು. ನಾವು ಹೋದ ದಾರಿಯಲ್ಲಿ ಅಂಥದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದು ಬಸ್ ಪಾರ್ಕಿಂಗ್.

ಶೃಂಗೇರಿಯಲ್ಲಿ ಅಲ್ಲೇ ಉಳಿದೆವು. ಚಿಕ್ಕ ಗಾಡಿಯಾದರೆ ಯಾವುದಾದರೂ ಲಾಡ್ಜಿನ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸಬಹುದಿತ್ತು. ನಮ್ಮದು ಟೂರಿಸ್ಟ್ ಬಸ್ಸುಗಳ ಸಾಲಿನಲ್ಲಿ. ರಾತ್ರಿಯೆಲ್ಲ ಬಸ್ ಬರುವುದು, ಹೋಗುವುದು, ಹಾರ್ನು. ಸಂಜೆ ಗುಡುಗು ಮಳೆ ಬಂದು ಕಿಟಕಿ ಹಾಕಿದೆವು, ಒಳಗೆ ಸೆಕೆ. ಎಸಿ ಹಾಕು ಅಂದರೆ ಡ್ರೈವರ್, ‘ಬ್ಯಾಟರಿ ತಡೆಯಲ್ಲ ಸರ್, ಜನರೇಟರ್ ಹಾಕ್ಬೇಕು’ ಅಂದ. ಲೆಕ್ಕ ಹೀಗೆ. ಒಂದು ಟನ್ ಎಸಿಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ಮನೆಯ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀರಿದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ಒಂದು ಬ್ಯಾಟರಿಗೆ ಒಂದು ಗಂಟೆಯ ತಂಪೂ ಇಲ್ಲ. ಗಾಡಿ ದೊಡ್ಡದಾದಷ್ಟು ತಂಪು ಮಾಡಬೇಕಾದ ಜಾಗ ಜಾಸ್ತಿ. ಜನರೇಟರ್ ಹಾಕಿದೆವು. ಪಕ್ಕದ ಬಸ್ಸಿನವರು ಬಂದು ಬೈದರು, ಆರಿಸಿದೆವು.

ಇನ್ನು ಟಾಯ್ಲೆಟ್ ವಿಷಯ. ಇದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಚಿಕ್ಕ ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಸೆಟ್ ಟಾಯ್ಲೆಟ್ ಇರುತ್ತದೆ. ಕೆಳಗಿನ ಡಬ್ಬ ಇಪ್ಪತ್ತು ಲೀಟರ್ ಆಸುಪಾಸು. ತುಂಬಿದಾಗ ಹೊರಗೆಳೆದು, ಕೈಯಲ್ಲಿ ಹಿಡಿದುಕೊಂಡು ಹೋಗಿ, ಯಾವುದಾದರೂ ಲಾಡ್ಜಿನವರನ್ನೋ ಪೆಟ್ರೋಲ್ ಬಂಕಿನವರನ್ನೋ ಕೇಳಿ ಅವರ ಕಕ್ಕಸಿಗೆ ಸುರಿದು ತೊಳೆದು ತರಬಹುದು. ಹೇಸಿಗೆ ಕೆಲಸ, ಆದರೆ ಆಗುವ ಕೆಲಸ. ದೊಡ್ಡದರಲ್ಲಿ ಟ್ಯಾಂಕ್ ಗಾಡಿಯ ಅಡಿಗೇ ಕೂತಿರುತ್ತದೆ. ದೊಡ್ಡ ಟ್ಯಾಂಕ್ ಅಂದರೆ ಅನುಕೂಲ ಅಂತ ಮಾರುವವರು ಹೇಳುತ್ತಾರೆ. ತುಂಬಿದ ಮೇಲೆ ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ? ನಮ್ಮದರಲ್ಲಿ ಕೆಂಪು ಲೈಟ್ ಹೊತ್ತಿತು. ಹಿಂದಿನ ಬಾಡಿಗೆಯವರದ್ದನ್ನು ಖಾಲಿ ಮಾಡದೆಯೇ ಕಳಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಹುಡುಗ ಮೆಲ್ಲಗೆ ಬಂದು, ‘ರಾತ್ರಿ ಕಾಡಿನ ರಸ್ತೇಲಿ ವಾಲ್ವ್ ಬಿಟ್ಟುಬಿಡೋಣ ಸರ್, ಎಲ್ರೂ ಹಾಗೇ ಮಾಡೋದು’ ಅಂದ. ನನ್ನ ಹೆಂಡತಿಗೆ ಸಿಟ್ಟು ನೆತ್ತಿಗೇರಿತು. ‘ತುಂಗೆಯಲ್ಲಿ ಮೀನಿಗೆ ಅಕ್ಕಿ ಹಾಕಿ ಕೈಮುಗಿದು ಬಂದಿದ್ದೇನೆ ಬೆಳಿಗ್ಗೆ. ರೀ, ಇವತ್ತು ಲಾಡ್ಜ್ ಮಾಡಿ. ಇದಕ್ಕೆ ಬೀಗ ಹಾಕಿ.’ ಹಾಗೇ ಮಾಡಿದೆವು. ಕ್ಯಾರವಾನ್‌ಗೂ ಬಾಡಿಗೆ, ರೂಮಿಗೂ ಬಾಡಿಗೆ.

ಕೊಪ್ಪದ ಹತ್ತಿರ ನೆಂಟರ ತೋಟಕ್ಕೆ ಹೋಗುವಾಗ ಹಲಸಿನ ಕೊಂಬೆ ತಾಗಿ ರೂಫಿನ ಗಾಳಿಕಿಂಡಿಯ ಮುಚ್ಚಳ ಒಡೆಯಿತು. ಮೇಲಿನ ಎಸಿ ಸೇರಿ ಗಾಡಿಯ ಎತ್ತರ ಹತ್ತಡಿ ದಾಟಿತ್ತು. ತೋಟದ ದಾರಿ, ಕೇಬಲ್ ವಯರ್, ದೇವಸ್ಥಾನದ ಸ್ವಾಗತ ಕಮಾನು, ನಮ್ಮ ಕಡೆ ತಲೆಯ ಮೇಲೆ ಏನಾದರೂ ಇದ್ದೇ ಇರುತ್ತದೆ. ಓಡಿಸುತ್ತಿದ್ದವನು ಅವರದೇ ಡ್ರೈವರ್. ಆದರೂ ಡೆಪಾಸಿಟ್‌ನಲ್ಲಿ ದೊಡ್ಡ ಮೊತ್ತ ಹಿಡಿದರು.

ಹಾಗಾದರೆ ಎಷ್ಟು ದೊಡ್ಡದು ಬೇಕು? ಇಬ್ಬರಿಗಾದರೆ ಆರು ಮೀಟರ್ ಸುತ್ತಮುತ್ತ ಸಾಕು ಅಂತ ನನ್ನ ಅಭಿಪ್ರಾಯ. ಏಳು ಮೀಟರ್ ಮೇಲೆ ಹೋಗಬೇಡಿ. ತೀರಾ ಚಿಕ್ಕದೂ ಬೇಡ. ಏಳು ಸೀಟಿನ ಕಾರಿನಲ್ಲಿ ಹಾಸಿಗೆ ಹಾಕಿಕೊಂಡು ಹೋಗುವುದು ಹುಡುಗರಿಗೆ ಚಂದ. ಅರವತ್ತು ದಾಟಿದವರು ಕೂತಲ್ಲೇ ಬಗ್ಗಿಕೊಂಡು ಪ್ಯಾಂಟ್ ಹಾಕಿದರೆ ಸೊಂಟ ಹಿಡಿಯುತ್ತದೆ. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಇರಲೇಬೇಕು. ಡ್ರೈವರ್ ತಲೆಯ ಮೇಲಿನ ಹಾಸಿಗೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ನಮ್ಮ ವಯಸ್ಸಿನಲ್ಲಿ ರಾತ್ರಿ ಏಳುವವರು ಏಣಿ ಇಳಿಯುವುದು ಸರ್ಕಸ್ಸು. ಒಂದು ಡಬಲ್ ಕಾಟ್‌ಗಿಂತ ಎರಡು ಸಿಂಗಲ್, ನಡುವೆ ಓಡಾಡುವ ದಾರಿ ಇದ್ದರೆ ಒಬ್ಬರು ಎದ್ದಾಗ ಇನ್ನೊಬ್ಬರನ್ನು ದಾಟಬೇಕಾಗಿಲ್ಲ. ಬಾಗಿಲ ಮೆಟ್ಟಿಲು ಎಷ್ಟು ಎತ್ತರ ಅಂತ ಹತ್ತಿ ಇಳಿದು ನೋಡಿ. ಮಂಡಿ ನೋವಿನವರಿಗೆ ಅದೇ ಮೊದಲ ಪರೀಕ್ಷೆ.

ಅಡುಗೆ ಮನೆಯನ್ನು ನೋಡುವಾಗ ನಿಮ್ಮ ಊಟ ನೋಡಿ. ನಮಗೆ ಕುಚ್ಚಲಕ್ಕಿ ಅನ್ನ ಬೇಕು, ಅದು ಬೇಯಲು ಗಂಟೆ ಹತ್ತಿರ ಬೇಕು. ಇಂಡಕ್ಷನ್ ಅಂದರೆ ಮತ್ತೆ ಬ್ಯಾಟರಿ. ಗ್ಯಾಸ್ ಅಂದರೆ ತೂಕ, ಜೊತೆಗೆ ಗಾಳಿಯಾಡುವ ವ್ಯವಸ್ಥೆ. ಸಾರು, ಚಟ್ನಿಪುಡಿ ಮನೆಯಿಂದ ತಂದು ಗಂಜಿ ಮಾತ್ರ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ಎರಡು ಒಲೆಯ ಉದ್ದನೆಯ ಕಟ್ಟೆ ಯಾಕೆ?

ತೂಕವನ್ನು ಬಾಯಿಮಾತಿನಲ್ಲಿ ನಂಬಬೇಡಿ. ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ನೀವು ಹೇರಬಹುದಾದ್ದು ಎಷ್ಟು ಅಂತ ಸಿಗುತ್ತದೆ. ಕಟ್ಟುವ ಮುಂಚಿನ ಖಾಲಿ ತೂಕವನ್ನು ತೋರಿಸಿ ಕಟ್ಟಿದ ಮೇಲಿನ ಗಾಡಿಯನ್ನು ಮಾರುವವರಿದ್ದಾರೆ, ವೇ ಬ್ರಿಡ್ಜಿಗೆ ಹಾಕಿಸಿ. ನೂರು ಲೀಟರ್ ನೀರು ನೂರು ಕಿಲೋ. ಎರಡು ದೊಡ್ಡ ಬ್ಯಾಟರಿ ಇನ್ನೊಂದು ನೂರು. ತುಂಬಿದ ಮನೆಯ ಸಿಲಿಂಡರ್ ಮೂವತ್ತು ಹತ್ತಿರ. ನೀವಿಬ್ಬರು ನೂರನಲವತ್ತು. ಬಟ್ಟೆ, ಪಾತ್ರೆ ಹೇರುವ ಮೊದಲೇ 370 ಕಿಲೋ ಆಯಿತು. ಘಾಟಿ ಇಳಿಯುವಾಗ ಬ್ರೇಕ್ ಹಿಡಿದು ನಿಲ್ಲಿಸಬೇಕಾದ್ದು ಇದೆಲ್ಲವನ್ನೂ. ಟೋಲ್‌ನಲ್ಲೂ ಗಾಡಿ ಮಿನಿ ಬಸ್ ವರ್ಗಕ್ಕೆ ಸೇರಿದರೆ ಕಾರಿಗಿಂತ ಜಾಸ್ತಿ ಕಟ್ಟಬೇಕು. ಸಾಸ್ತಾನ, ಹೆಜಮಾಡಿ ದಾಟುವಾಗಲೇ ಗೊತ್ತಾಗುತ್ತದೆ.

ಹಳೆಯ ವ್ಯಾನ್ ತಗೊಂಡು ಗ್ಯಾರೇಜಿನಲ್ಲಿ ಕಟ್ಟಿಸುತ್ತೇನೆ ಅನ್ನುವವರು ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಿಸುವಂತಿಲ್ಲ. ಮೋಟರ್ ಕ್ಯಾರವಾನ್‌ಗೆ ಎಐಎಸ್ 124 ಅಂತ ಬೇರೆಯೇ ನಿಯಮ ಇದೆ. ಆರ್‌ಸಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ದರೆ ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದು ಅದನ್ನೇ. ಬಾಡಿಗೆ ಗಾಡಿಗೆ ಬಿಳಿ ಬೋರ್ಡ್ ಇದ್ದರೆ ಹತ್ತಬೇಡಿ. ಡ್ರೈವರ್ ಸಹಿತವಾದರೆ ಹಳದಿ ಬೋರ್ಡ್, ಸೆಲ್ಫ್ ಡ್ರೈವ್ ಆದರೆ ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರ ಇರಬೇಕು.

ಅಡ್ವಾನ್ಸ್ ಕಳಿಸುವ ಮೊದಲು ಗಾಡಿಯ ನಂಬರ್, ಉದ್ದ, ಒಟ್ಟು ತೂಕ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬೇರೆ ಗಾಡಿ ಬಂದರೆ ಪೂರ್ತಿ ದುಡ್ಡು ವಾಪಸ್ ಅಂತಲೂ ಬರೆಸಿ. ಹತ್ತುವ ಮುಂಚೆ ಟ್ಯಾಂಕ್ ಖಾಲಿ ಇದೆಯಾ ಅಂತ ನೋಡಿ, ಏಣಿ ಹಾಕಿಸಿಯಾದರೂ ರೂಫಿನ ಫೋಟೋ ತೆಗೆಯಿರಿ. ನಾನು 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಬುಕಿಂಗ್ ಮೆಸೇಜ್, ‘ಫ್ರೀ ಅಪ್‌ಗ್ರೇಡ್’ ಅಂತ ಅವರೇ ಕಳಿಸಿದ ವಾಟ್ಸಾಪ್, ಲಾಡ್ಜಿನ ಬಿಲ್ಲು, ಇವಿಷ್ಟನ್ನು ಪ್ರಿಂಟ್ ತೆಗೆದು ಫೈಲ್ ಮಾಡಿದ್ದೇನೆ. ದೂರು ಬರೆಯುವುದು ಹೇಗೆ ಅಂತ ಯಾರಿಗಾದರೂ ಬೇಕಿದ್ದರೆ ಕೇಳಿ, ನನ್ನದರ ನಕಲು ಕೊಡುತ್ತೇನೆ.