ತೂಕ ಇಳಿಸುವ ಆಪರೇಷನ್ ಪ್ಯಾಕೇಜ್: ಕಲಬುರಗಿಯಲ್ಲಿ ಕುಂತು ಹತ್ತು ವರ್ಷದ ಲೆಕ್ಕ ಹಾಕಿದರೆ

ಹೈದರಾಬಾದ್, ಸೊಲ್ಲಾಪುರ, ಬೆಂಗಳೂರಿನ ಆಸ್ಪತ್ರೆಗಳು ನಮ್ಮ ಭಾಗದವರಿಗೆ ಕೊಡುವ ಬೇರಿಯಾಟ್ರಿಕ್ ಸರ್ಜರಿಯ ಪ್ಯಾಕೇಜ್ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಥಿಯೇಟರ್ ಖರ್ಚು, ಅರಿವಳಿಕೆ ವೈದ್ಯರ ಫೀ, ಜಠರ ಕತ್ತರಿಸಿ ಹೊಲಿಯುವ ಸ್ಟೇಪ್ಲರ್, ಎರಡು ಮೂರು ದಿನದ ರೂಮು, ಡಯಟೀಷಿಯನ್ ಜತೆ ಕೆಲವು ಭೇಟಿ. ಮೂರು ದಿನದ ಸೇವೆ ಎಂದು ನೋಡಿದರೆ ಇದಕ್ಕೆ ಒಳ್ಳೆ ಅಂಕ ಕೊಡಬೇಕು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುತ್ತಾರೆ, ಮರುದಿನವೇ ಎದ್ದು ಓಡಾಡಿಸುತ್ತಾರೆ. ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದೆರಡರ ಆಸುಪಾಸು. ಆದರೆ ಹೊಟ್ಟೆಯೊಳಗೆ ಮಾಡಿದ ಬದಲಾವಣೆ ಮೂರು ದಿನದ್ದಲ್ಲ, ಜೀವಮಾನದ್ದು. ಹಾಳೆಯಲ್ಲಿ ಬರೆಯದ ಆ ಭಾಗವೇ ಈ ವಿಮರ್ಶೆಯ ವಿಷಯ.

ಮೊದಲು ಲಾಭ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಆಪರೇಷನ್ ಆದವರನ್ನೂ ಆಗದವರನ್ನೂ ದಶಕಗಳ ಕಾಲ ಹಿಂಬಾಲಿಸಿದೆ. ಆಪರೇಷನ್ ಆದವರು ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಎರಡನೇ ವರ್ಷಕ್ಕೆ ಶೇ. 72 ಜನರಿಗೆ ಅದು ಹತೋಟಿಗೆ ಬಂದು ಕಾಯಿಲೆಯೇ ಇಲ್ಲದಂತಾಗಿತ್ತು. ಹತ್ತನೇ ವರ್ಷಕ್ಕೆ ಆ ಪ್ರಮಾಣ ಶೇ. 36ಕ್ಕೆ ಇಳಿಯಿತು. ಆಸ್ಪತ್ರೆಗಳ ಶಿಬಿರಗಳಲ್ಲಿ ಮೊದಲ ಅಂಕಿಯನ್ನಷ್ಟೇ ಹೇಳಿದರೆ ಎರಡನೆಯದನ್ನು ನೀವೇ ಕೇಳಿ. ಅರ್ಧದಷ್ಟು ಜನರಿಗೆ ಸಕ್ಕರೆ ಮರಳಿ ಬಂದರೂ ಇಡೀ ಆಪರೇಷನ್ ವ್ಯರ್ಥವಾಯಿತು ಎಂದಲ್ಲ. ಆದರೆ "ಶುಗರ್ ಗುಳಿಗೆ ಇನ್ನು ಯಾವತ್ತೂ ಬೇಡ" ಎಂಬ ಮಾತನ್ನು ನಂಬಿ ಸಹಿ ಹಾಕಬಾರದು.

ಇನ್ನು ಆಪರೇಷನ್ನಿನ ಬಗೆಗಳು: ಸ್ಲೀವ್, ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯದು), ಮಿನಿ ಬೈಪಾಸ್. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಉಳಿಯುವುದು ಕೊಳವೆಯಂಥ ಒಂದು ತುಂಡು. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಕರುಳಿಗೆ ಕೈ ಹಚ್ಚದ ಕಾರಣ ಇದು ಸರಳ, ಅದಕ್ಕೇ ಹೆಚ್ಚು ಜನ ಇದನ್ನು ಆರಿಸಿಕೊಳ್ಳುತ್ತಾರೆ. ದೀರ್ಘಕಾಲದ ಮುಖ್ಯ ತೊಂದರೆ ಎದೆಯುರಿ. ಉಳಿದ ಕೊಳವೆಯೊಳಗೆ ಒತ್ತಡ ಹೆಚ್ಚಿ ಆಮ್ಲ ಅನ್ನನಾಳಕ್ಕೆ ಏರುತ್ತದೆ. ಫಿನ್ಲೆಂಡಿನ ಹತ್ತು ವರ್ಷದ ಹೋಲಿಕೆಯಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದಾಗ ಸ್ಲೀವ್ ಆದವರಲ್ಲಿ ಶೇ. 31 ಜನರಿಗೆ ಅನ್ನನಾಳದಲ್ಲಿ ಹುಣ್ಣು ಕಂಡಿತು, ಬೈಪಾಸ್ ಆದವರಲ್ಲಿ ಶೇ. 7. ಇದರಲ್ಲಿ ಎಲ್ಲರಿಗೂ ಉರಿ ಗೊತ್ತಾಗುವುದಿಲ್ಲ. ಹಾಗಾಗಿ ಆಪರೇಷನ್ ಆಗಿ ಒಂದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು, ತೊಂದರೆ ಇಲ್ಲದಿದ್ದರೂ ಬೇಕು. ಈಗಾಗಲೇ ದಿನಾ ಗ್ಯಾಸಿನ ಗುಳಿಗೆ ನುಂಗುವವರು, ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯ ಕಡೆಗೆ ಜಾರಿರುವುದು) ಇದ್ದವರು ಸ್ಲೀವ್‌ಗೆ ಒಪ್ಪುವ ಮುಂಚೆ ನೂರು ಸಲ ಯೋಚಿಸಬೇಕು. ಆಪರೇಷನ್ನಿಗೂ ಮೊದಲು ಎಂಡೋಸ್ಕೋಪಿಯನ್ನೇ ಮಾಡದೆ ಸ್ಲೀವ್ ಎಂದು ಬರೆದುಕೊಟ್ಟರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಮೇಲೆತ್ತಿ ಅದಕ್ಕೆ ಹೊಲಿಯುತ್ತಾರೆ. ತೂಕ ಚೆನ್ನಾಗಿ ಇಳಿಯುತ್ತದೆ, ಎದೆಯುರಿಗೂ ಇದೇ ಮೇಲು. ಅಪಾಯ ಬೇರೆ ಕಡೆ ಇದೆ. ಕರುಳನ್ನು ಸರಿಸಿ ಜೋಡಿಸಿದ ಜಾಗದಲ್ಲಿ ಸಂದುಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಂತೆ ಸಂದು ದೊಡ್ಡದಾಗಿ, ವರ್ಷಗಳ ಮೇಲೆ ಒಂದು ದಿನ ಕರುಳು ಅದರೊಳಗೆ ತೂರಿ ತಿರುಚಿಕೊಳ್ಳಬಹುದು. ಇದಕ್ಕೆ ಇಂಟರ್ನಲ್ ಹರ್ನಿಯಾ ಎನ್ನುತ್ತಾರೆ. ಊಟವಾದ ಮೇಲೆ ಹೊಕ್ಕಳ ಸುತ್ತ ಅಥವಾ ಎಡಗಡೆ ಬಿಟ್ಟು ಬಿಟ್ಟು ಬರುವ ತೀವ್ರ ನುಲಿತ ಅದರ ಗುರುತು. ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೇ ಇರಬಹುದು, ಎಕ್ಸ್‌ರೇ ಸರಿ ಇರಬಹುದು, ಕೆಲವೊಮ್ಮೆ ಸಿಟಿ ಸ್ಕ್ಯಾನ್ ಕೂಡ ಸರಿ ಇರುತ್ತದೆ. ತಡಮಾಡಿದರೆ ಕರುಳು ಕಪ್ಪಾಗಿ ಕತ್ತರಿಸಿ ತೆಗೆಯಬೇಕಾಗುತ್ತದೆ. "ಗ್ಯಾಸ್ ಆಗ್ಯಾದ, ಇಂಜೆಕ್ಷನ್ ಹಚ್ಚಿಸಿಕೊಂಡ್ರ ಹೋಗ್ತದ" ಎಂದು ರಾತ್ರಿ ಕಳೆಯುವ ನೋವಲ್ಲ ಇದು.

ನಮ್ಮ ಭಾಗದ ದೂರವನ್ನು ಇಲ್ಲಿಯೇ ಲೆಕ್ಕಕ್ಕೆ ತಗೊಳ್ಳಬೇಕು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು 550ಕ್ಕೂ ಹೆಚ್ಚು. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಸುರಪುರ, ಶಹಾಪುರದವರಿಗೆ ಎಲ್ಲವೂ ದೂರ. ಕಲಬುರಗಿಯಲ್ಲಿ ಜಿಮ್ಸ್, ಬಸವೇಶ್ವರ, ಕೆಬಿಎನ್‌ನಂಥ ಬೋಧಕ ಆಸ್ಪತ್ರೆಗಳಿವೆ. ಸ್ಕ್ಯಾನ್, ಸರ್ಜನ್ ಎರಡಕ್ಕೂ ಕೊರತೆಯಿಲ್ಲ. ಪ್ರಶ್ನೆ ಇರುವುದು ಬೈಪಾಸ್ ಆದ ಹೊಟ್ಟೆಯ ನಕ್ಷೆ ಆ ಸರ್ಜನ್ ಕೈಗೆ ಸಿಗುತ್ತದೆಯೇ ಎಂಬುದು. ಆಪರೇಷನ್ ಮಾಡುವ ಕೇಂದ್ರಕ್ಕೆ ನೇರವಾಗಿ ಕೇಳಿ: ರಾತ್ರಿ ಎರಡಕ್ಕೆ ನೋವು ಬಂದರೆ ಕಲಬುರಗಿಯಲ್ಲಿ ನಿಮ್ಮ ಪರವಾಗಿ ಯಾರು ನೋಡುತ್ತಾರೆ, ಅವರ ಜತೆ ಫೋನಿನಲ್ಲಿ ಯಾರು ಮಾತಾಡುತ್ತಾರೆ? ಹೆಸರು, ನಂಬರ್ ಕೊಡದೆ "ತಕ್ಷಣ ಇಲ್ಲಿಗೆ ಬನ್ನಿ" ಎಂದಷ್ಟೇ ಹೇಳುವ ಸೇವೆಗೆ ನಮ್ಮ ಅಂಕ ಅರ್ಧಕ್ಕಿಂತ ಕಡಿಮೆ.

ಮಿನಿ ಬೈಪಾಸ್ ಹೆಸರಿಗೆ ಮಾತ್ರ ಮಿನಿ. ಇದರಲ್ಲಿ ಜೋಡಣೆ ಒಂದೇ ಕಡೆ, ಆದರೆ ಊಟಕ್ಕೆ ತಪ್ಪಿಸುವ ಕರುಳಿನ ಉದ್ದ ಹೆಚ್ಚು. 150ರಿಂದ 200 ಸೆಂ.ಮೀ. ತಪ್ಪಿಸುವುದು ಸಾಮಾನ್ಯ, ಅದಕ್ಕಿಂತ ಉದ್ದವಾದರೆ ಪ್ರೋಟೀನ್ ಕೊರತೆ ಗಟ್ಟಿಯಾಗಿ ಕಾಡುತ್ತದೆ. ಪಿತ್ತರಸ ಮೇಲೇರುವ ತೊಂದರೆಯೂ ಇದೆ. ಮೊಟ್ಟೆ, ಮಾಂಸ ಮುಟ್ಟದ ಮನೆಯವರಿಗೆ ಇದನ್ನು ಶಿಫಾರಸು ಮಾಡಲು ನಮಗೆ ಹಿಂಜರಿಕೆ ಇದೆ.

ಎರಡೂ ಬಗೆಯ ಬೈಪಾಸ್ ಆದವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಎಂಬ ನೋವಿನ ಗುಳಿಗೆಗಳು ಜೀವಮಾನಕ್ಕೆ ಬೇಡ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ, ರಕ್ತ ಸೋರುತ್ತದೆ, ತೂತೂ ಬೀಳಬಹುದು. ಮಂಡಿ ನೋವಿಗೆ ಮೆಡಿಕಲ್‌ನಲ್ಲಿ ಬಿಡಿ ಗುಳಿಗೆ ಕೇಳಿದರೆ ಕೈಗೆ ಬರುವುದು ಬಹುತೇಕ ಇವೇ, ಪ್ಯಾರಸಿಟಮಾಲ್ ಜತೆ ಸೇರಿಸಿದ ರೂಪದಲ್ಲೂ ಬರುತ್ತವೆ. ಬರೀ ಪ್ಯಾರಸಿಟಮಾಲ್ ಕೇಳಿ, ಪಟ್ಟಿಯ ಹಿಂದಿನ ಹೆಸರು ಓದಿ. ಬೀಡಿ, ಸಿಗರೇಟು ಸೇದುವವರಿಗೆ ಇದೇ ಹುಣ್ಣಿನ ಅಪಾಯ ಇನ್ನೂ ಹೆಚ್ಚು. ತಂಬಾಕು ಬಿಡಲು ಆಗದವರು ಬೈಪಾಸ್ ಮಾಡಿಸಬಾರದು.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತು ವಾಂತಿಯದು. ಆಪರೇಷನ್ನಿನ ನಂತರ ವಾರಗಟ್ಟಲೆ ವಾಂತಿ ಆದರೆ ದೇಹದ ಥಯಾಮಿನ್, ಅಂದರೆ ಬಿ1 ವಿಟಮಿನ್, ಎರಡು ಮೂರು ವಾರದಲ್ಲೇ ಖಾಲಿಯಾಗುತ್ತದೆ. ಆಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಸುಸ್ತಾಗ್ಯಾದ, ಸಲೈನ್ ಹಚ್ಚರಿ" ಎನ್ನುವುದು ನಮ್ಮಲ್ಲಿ ವಾಡಿಕೆ. ಬಾಟಲಿಯ ಮೇಲೆ ಡಿ5, ಡಿ10 ಅಥವಾ ಡಿಎನ್‌ಎಸ್ ಎಂದಿದ್ದರೆ ಅದರಲ್ಲಿ ಗ್ಲೂಕೋಸ್ ಇದೆ. ಥಯಾಮಿನ್ ಇಲ್ಲದ ದೇಹಕ್ಕೆ ಮೊದಲು ಗ್ಲೂಕೋಸ್ ಹೋದರೆ ಉಳಿದ ಚೂರು ಥಯಾಮಿನ್ ಕೂಡ ಅದನ್ನು ಕರಗಿಸುವುದರಲ್ಲೇ ಮುಗಿದು ಮಿದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಥಯಾಮಿನ್ ಸಿಗುವವರೆಗೆ ಗ್ಲೂಕೋಸ್ ಇಲ್ಲದ ಎನ್‌ಎಸ್ ಅಥವಾ ಆರ್‌ಎಲ್ ಬಾಟಲಿ ಸಾಕು. ಇದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ರೋಗಿಯ ಕೈಗೆ ಕೊಡದ ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ.

ಗುಳಿಗೆಗಳ ಖರ್ಚು ಪ್ಯಾಕೇಜಿನಲ್ಲಿ ಇಲ್ಲ, ಆದರೆ ಅದು ಕೊನೆತನಕ ಬರುವ ಖರ್ಚು. ದಿನಕ್ಕೆ ಕ್ಯಾಲ್ಸಿಯಂ 1200ರಿಂದ 1500 ಮಿ.ಗ್ರಾಂ., ವಿಟಮಿನ್ ಡಿ 3000 ಯೂನಿಟ್, ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣ 45ರಿಂದ 60 ಮಿ.ಗ್ರಾಂ., ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಗುಳಿಗೆ ಅಥವಾ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್, ಜತೆಗೊಂದು ಮಲ್ಟಿವಿಟಮಿನ್. ಎಡವಟ್ಟಾಗುವುದು ಕ್ಯಾಲ್ಸಿಯಂನಲ್ಲಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಕರಗಲು ಜಠರದ ಆಮ್ಲ ಬೇಕು. ಆಪರೇಷನ್ ಆದವರಿಗೆ ಬೇಕಾದದ್ದು ಸಿಟ್ರೇಟ್. ಅದರಲ್ಲೂ ಪಟ್ಟಿಯ ಮೇಲೆ "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ." ಎಂದಿದ್ದರೆ ಒಳಗಿನ ನಿಜವಾದ ಕ್ಯಾಲ್ಸಿಯಂ 210 ಮಿ.ಗ್ರಾಂ. ಮಾತ್ರ. ದಿನಕ್ಕೆ ಒಂದು ನುಂಗಿ ಸಾಕೆಂದುಕೊಂಡವರ ಎಲುಬು ವರ್ಷಗಳು ಕಳೆದಂತೆ ಸವೆಯಬಹುದು. ಅಂಥ ಗುಳಿಗೆ ಆರು ಬೇಕು, ಅದೂ ಒಂದು ಸಲಕ್ಕೆ ಎರಡರಂತೆ ಮೂರು ಹೊತ್ತು ಊಟದ ಜತೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ತಾಸಿನ ಅಂತರ ಇರಲಿ. ಕಬ್ಬಿಣದ ಗುಳಿಗೆಯನ್ನು ಚಹಾದ ಜತೆ ತಗೊಂಡರೆ ಅದು ಮೈಗೆ ಹತ್ತುವುದೇ ಕಡಿಮೆ, ನಿಂಬೆಹುಳಿ ನೀರಿನ ಜತೆ ತಗೊಳ್ಳಿ.

ರಕ್ತ ಪರೀಕ್ಷೆ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಸದಾಕಾಲ. ಹಿಮೋಗ್ಲೋಬಿನ್ ಒಂದೇ ಸಾಲದು. ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನು), ಆಲ್ಬುಮಿನ್ (ರಕ್ತದ ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿಗೆ), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಎಲ್ಲವೂ ಬೇಕು. ಇದಕ್ಕಾಗಿ ಪ್ರತಿ ಸಲ ಹೈದರಾಬಾದಿಗೆ ಹೋಗಬೇಕಿಲ್ಲ. ಇಲ್ಲೇ ರಕ್ತ ಕೊಟ್ಟು ರಿಪೋರ್ಟ್ ವಾಟ್ಸಾಪ್‌ನಲ್ಲಿ ಕಳಿಸಿದರೆ ನೋಡುತ್ತಾರೆಯೇ, ಅದಕ್ಕೆ ಬೇರೆ ಫೀ ಇದೆಯೇ ಎಂದು ಮೊದಲೇ ಬರೆಸಿಕೊಳ್ಳಿ.

ಊಟದ ಮಾತಿಗೆ ಬಂದರೆ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಗುರಿ. ನಮ್ಮ ಜೋಳದ ರೊಟ್ಟಿ ಒಳ್ಳೆಯ ಆಹಾರವೇ, ಆದರೆ ಸಣ್ಣ ಹೊಟ್ಟೆಯಲ್ಲಿ ರೊಟ್ಟಿ ಮೊದಲು ಹೋದರೆ ಬೇಳೆಗೆ ಜಾಗ ಉಳಿಯುವುದಿಲ್ಲ. ಮೊದಲು ಗಟ್ಟಿ ತೊಗರಿಬೇಳೆ, ಮೊಸರು, ಪನೀರ್, ಕೊನೆಗೆ ಅರ್ಧ ರೊಟ್ಟಿ. 50 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 11 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂ ಪ್ರೋಟೀನ್ ಸಿಗುತ್ತದೆ. ಇಷ್ಟು ತಿಂದರೂ 45 ಮಾತ್ರ, ಉಳಿದದ್ದಕ್ಕೆ ಪ್ರೋಟೀನ್ ಪುಡಿ ಬೇಕು. ತೆಳ್ಳಗಿನ ಕಟ್ಟಿನ ಸಾರಿನಲ್ಲಿ ಪ್ರೋಟೀನ್ ಹೆಚ್ಚೇನೂ ಇಲ್ಲ.

ಬೇಸಿಗೆ ನಮ್ಮ ಜಿಲ್ಲೆಯ ವಿಶೇಷ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಸಣ್ಣ ಹೊಟ್ಟೆಯವರು ಗಟಗಟ ನೀರು ಕುಡಿಯಲಾಗದು, ಊಟದ ಜತೆಗಂತೂ ಕುಡಿಯಲೇಬಾರದು. ಅರ್ಧ ತಾಸಿಗೆ 100 ಮಿ.ಲೀ.ನಂತೆ ಗುಟುಕು ಗುಟುಕಾಗಿ ಹತ್ತು ತಾಸು ಕುಡಿದರೆ ಎರಡು ಲೀಟರ್ ಆಗುತ್ತದೆ. ನೀರು ತೀರಾ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಬೈಪಾಸ್ ಆದವರಲ್ಲಿ ಆಹಾರದಲ್ಲಿನ ಆಕ್ಸಲೇಟ್ ಎಂಬ ಅಂಶವನ್ನು ಕರುಳು ಹೆಚ್ಚು ಹೀರಿಕೊಂಡು ಕಿಡ್ನಿಯಲ್ಲಿ ಕಲ್ಲಾಗುವ ಸಂಭವವೂ ಜಾಸ್ತಿ, ಅವರು ಪಾಲಕ್, ಸೇಂಗಾ ಹಿತಮಿತವಾಗಿ ತಿನ್ನಬೇಕು. ಕ್ಯಾಲ್ಸಿಯಂ ಊಟದ ಜತೆ ತಗೊಳ್ಳಿ ಎಂದದ್ದು ಇದಕ್ಕೂ ಸೇರಿಯೇ: ಅದು ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತದೆ. ಆಪರೇಷನ್ನನ್ನು ಮಳೆಗಾಲಕ್ಕೋ ಚಳಿಗಾಲಕ್ಕೋ ಇಟ್ಟುಕೊಂಡರೆ ಮೊದಲ ತಿಂಗಳುಗಳು ಸಲೀಸು.

ಹೋಳಿಗೆ, ಹುಗ್ಗಿ, ಕಬ್ಬಿನ ಹಾಲು ಬೈಪಾಸ್ ಆದವರಿಗೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಭೇದಿ ತರಬಹುದು. ಇನ್ನೂ ಕೆಟ್ಟದ್ದು ಎರಡು ತಾಸಿನ ನಂತರ ಸಕ್ಕರೆ ಒಮ್ಮೆಲೇ ಕುಸಿಯುವುದು. ಇದು ಆಪರೇಷನ್ ಆಗಿ ವರ್ಷ ಕಳೆದ ಮೇಲೂ ಶುರುವಾಗಬಹುದು, ಗಾಡಿ ಓಡಿಸುವವರು ಇದನ್ನು ಹಗುರಾಗಿ ಕಾಣಬಾರದು.

ಹೆಣ್ಣುಮಕ್ಕಳು 12ರಿಂದ 18 ತಿಂಗಳು ಬಸಿರು ಮುಂದೂಡಬೇಕು. ಬೈಪಾಸ್ ಆದ ಮೇಲೆ ನುಂಗುವ ಗರ್ಭನಿರೋಧಕ ಗುಳಿಗೆ ನೆಚ್ಚುವಂತಿಲ್ಲ, ಕಾಪರ್-ಟಿಯಂಥದ್ದು ಮೇಲು. ತೂಕ ಇಳಿದಾಗ, ಮೊದಲು ಮಕ್ಕಳಾಗದವರಿಗೂ ಗರ್ಭ ನಿಲ್ಲುವುದುಂಟು. ಬಸಿರಿನಲ್ಲಿ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಬೇಡ ಎಂದು ತಾಯಿ ಕಾರ್ಡಿನ ಮೇಲೆಯೇ ಬರೆಸಿ, ಬದಲಿಗೆ ಮನೆಯಲ್ಲಿ ಬೆರಳಿನ ರಕ್ತ ನೋಡಿಕೊಂಡರಾಯಿತು. ಬೈಪಾಸ್ ಆದ ಬಸುರಿಗೆ ಹೊಟ್ಟೆನೋವು ಬಂದರೆ ಹೆರಿಗೆ ನೋವೆಂದು ಕುಳಿತುಕೊಳ್ಳದೆ ಸರ್ಜನ್‌ಗೂ ತೋರಿಸಬೇಕು.

ಮದ್ಯದ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕು. ಬೈಪಾಸ್ ನಂತರ ಮದ್ಯ ಬೇಗ ಏರುತ್ತದೆ. ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರಲ್ಲಿ ಐದು ವರ್ಷದೊಳಗೆ ಸುಮಾರು ಐದರಲ್ಲೊಬ್ಬರಿಗೆ ಕುಡಿತದ ಸಮಸ್ಯೆಯ ಲಕ್ಷಣ ಹೊಸದಾಗಿ ಕಂಡಿತ್ತು. ಖಿನ್ನತೆ, ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯೂ ಕೆಲವರಲ್ಲಿ ಹೆಚ್ಚುತ್ತದೆ. ಆಪರೇಷನ್ನಿಗೆ ಮುಂಚೆ ಮನೋವೈದ್ಯರ ಭೇಟಿ ಇಲ್ಲದ ಪ್ಯಾಕೇಜ್ ಅಪೂರ್ಣ.

ಯಾರಿಗೆ ಇದು ಸೂಕ್ತ? 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 27.5ರಿಂದಲೇ ಆಪರೇಷನ್ ಪರಿಗಣಿಸಬಹುದು ಎನ್ನುತ್ತದೆ. ಆದರೆ ವಿಮೆಯ ನಿಯಮ ಬೇರೆ: ಬಿಎಂಐ 40, ಇಲ್ಲವೇ 35ರ ಜತೆಗೆ ಹತೋಟಿಗೆ ಬಾರದ ಸಕ್ಕರೆ, ಹೃದಯ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಅಪ್ನಿಯಾದಂಥದ್ದು ಇರಬೇಕು. ನಮ್ಮ ಅಭಿಪ್ರಾಯದಲ್ಲಿ 40 ದಾಟಿದ, ಸಕ್ಕರೆ ಕಾಯಿಲೆಯೂ ಇರುವವರಿಗೆ ಆಪರೇಷನ್ ಮಾಡಿಸದಿರುವ ಅಪಾಯವೇ ದೊಡ್ಡದು. 30ರ ಸುತ್ತ ಇದ್ದು ಮದುವೆಗೆ ಮುಂಚೆ ತೆಳ್ಳಗಾಗಬೇಕು ಎನ್ನುವವರಿಗೆ ಇಷ್ಟೆಲ್ಲ ಜೀವಮಾನದ ಹೊರೆ ಬೇಡ. 2025ರಲ್ಲಿ ಭಾರತಕ್ಕೆ ಬಂದ, ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳನ್ನು ಮೊದಲು ವೈದ್ಯರ ಜತೆ ಚರ್ಚಿಸಲಿ. ನಿಲ್ಲಿಸಿದರೆ ತೂಕ ಮರಳುತ್ತದೆ ನಿಜ, ಆದರೆ ಅವನ್ನು ನಿಲ್ಲಿಸಬಹುದು. ಸ್ಲೀವನ್ನು ಹಿಂದಕ್ಕೆ ಪಡೆಯಲಾಗದು.

ಮಾಡಿಸಿಕೊಳ್ಳಲು ನಿರ್ಧರಿಸಿದವರು ಡಿಸ್ಚಾರ್ಜ್ ದಿನ ಬರೀ ಬಿಲ್ಲು, ಸಾರಾಂಶ ತಗೊಂಡು ಬರಬೇಡಿ. ಆಪರೇಷನ್ ನೋಟ್ ಪೂರ್ತಿ ಕೇಳಿ ಪಡೆಯಿರಿ. ಅದರಲ್ಲಿ ಯಾವ ಬಗೆಯ ಆಪರೇಷನ್, ಎಷ್ಟು ಸೆಂ.ಮೀ. ಕರುಳು ತಪ್ಪಿಸಿದ್ದಾರೆ, ಸಂದುಗಳನ್ನು ಹೊಲಿದಿದ್ದಾರೋ ಇಲ್ಲವೋ, ಪಿತ್ತಕೋಶ ತೆಗೆದಿದ್ದಾರೋ ಇಟ್ಟಿದ್ದಾರೋ ಇವಿಷ್ಟೂ ಇರಬೇಕು. ಪಿತ್ತಕೋಶ ಇಟ್ಟಿದ್ದರೆ ಕಲ್ಲಾಗದಂತೆ ಆರು ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಗುಳಿಗೆ ಬರೆದಿದ್ದಾರೆಯೇ ನೋಡಿ. ನೋಟಿನ ಫೋಟೊ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ.