ಸಿನಿಮಾ ಕವರ್ ನೋಡಿ ಮಕ್ಕಳಿಗೆ ‘ವಿಕೆಡ್’ ಕಾದಂಬರಿ ತಗೋಬೇಡಿ

ಮೈಸೂರು, ಮಂಡ್ಯ ಕಡೆ ಮಕ್ಕಳಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ನಮ್ಮನೇಲಿ ಆಗಿದ್ದು ನಿಮ್ಮನೇಲಿ ಆಗೋದು ಬೇಡ.

2024ರಲ್ಲಿ ವಿಕೆಡ್ ಸಿನಿಮಾ ಬಂದಾಗ ಮಗಳನ್ನ ಕರ್ಕೊಂಡು ಹೋಗಿದ್ದೆ. ಅದ್ರಲ್ಲಿ ಬರೋ ಹಸಿರು ಮೈಯ ಮಾಟಗಾತಿ ಎಲ್ಫಬಾ ಅಂದ್ರೆ ಅವಳಿಗೆ ಪ್ರಾಣ ಆಗ್ಬಿಡ್ತು, ಮನೇಲಿರೋ ಪೊರಕೆ ಎಲ್ಲಾ ಅವಳ ಕೈಲೇ. ಹನ್ನೊಂದು ತುಂಬಿದ ಹುಟ್ಟಿದಹಬ್ಬಕ್ಕೆ ಏನು ಬೇಕೋ ಅಂದ್ರೆ ಬಟ್ಟೆ ಬೇಡ, ಆ ಪುಸ್ತಕ ಬೇಕು ಅಂದ್ಲು. ಓದ್ತೀನಿ ಅಂತ ಮಗು ತಾನಾಗೇ ಕೇಳಿದ್ರೆ ಯಾವ ತಾಯಿ ಬೇಡ ಅಂತಾಳೆ ಹೇಳಿ. ಊರಿನ ಒಂದು ಅಂಗಡೀಲಿ ಮಕ್ಕಳ ಪುಸ್ತಕದ ರ‍್ಯಾಕಲ್ಲೇ ಇತ್ತು, ಕವರ್ ಮೇಲೆ ಸಿನಿಮಾದವರದ್ದೇ ಫೋಟೋ, ಕೌಂಟರ್ ಹುಡುಗನೂ ‘ಅದೇ ಕತೆ ಮೇಡಂ’ ಅಂದ, ನಾನು ಒಂದು ಪುಟಾನೂ ತಿರುವದೆ ಬಿಲ್ ಮಾಡ್ಸಿದೆ.

ಆ ಶನಿವಾರ ಮಂಡ್ಯಕ್ಕೆ ನಮ್ಮಮ್ಮನ ಮನೆಗೆ ಹೊರಟ್ವಿ. ಶ್ರೀರಂಗಪಟ್ಟಣದ ಹತ್ರ ಟ್ರೈನು ಕಾವೇರಿ ದಾಟೋವಾಗ ಕಿಟಕಿ ಬಿಟ್ಟು ಕದಲದ ಹುಡುಗಿ ಅವತ್ತು ತಲೇನೇ ಎತ್ತಲಿಲ್ಲ. ಪಾಂಡವಪುರ ಬರೋಷ್ಟರಲ್ಲಿ ಬೆರಳನ್ನ ಒಂದು ಪದದ ಕೆಳಗಿಟ್ಕೊಂಡು, ‘ಅಮ್ಮ, ಕ್ಯಾಸ್ಟ್ರೇಟೆಡ್ ಅಂದ್ರೇನು’ ಅಂತ ಕೇಳಿದ್ಲು, ಎದುರು ಸೀಟಿನೋರಿಗೂ ಕೇಳೋ ಹಾಗೆ. ಹೋರಿಗೆ ಬೀಜ ಒಡೆಸೋದಕ್ಕೆ ಹೇಳೋ ಪದ ಅದು. ಪುಸ್ತಕ ಶುರುವಾಗೋದೇ ಹಾಗೆ: ಓಝ್ ಅನ್ನೋ ಹಳೇ ಮಕ್ಕಳ ಕತೆಯ ನಾಯಕಿ ಡೊರೊಥಿ ಜೊತೆಗಿರೋ ತಗಡಿನ ಮನುಷ್ಯ, ಸಿಂಹ ಎಲ್ಲಾ ಕೂತ್ಕೊಂಡು ಆ ಮಾಟಗಾತಿ ಹುಟ್ಟಿದ್ದು ಹೆಣ್ಣಾಗೋ ಗಂಡಾಗೋ ಅಂತ ಹರಟೆ ಹೊಡೀತಾರೆ, ಅವಳು ಮರದ ಮೇಲೆ ಕೂತು ಎಲ್ಲಾ ಕೇಳಿಸ್ಕೊಳ್ತಾಳೆ.

ರಾತ್ರಿ ಅವಳು ಮಲಗಿದ್ಮೇಲೆ ನಾನು ಕೂತು ಓದಿದೆ. ಫಿಲಾಸಫಿ ಕ್ಲಬ್ ಅಂತ ಒಂದು ಜಾಗ ಬರತ್ತೆ, ಅಲ್ಲಿ ನಡೆಯೋದನ್ನ ನಾನಿಲ್ಲಿ ಬರೆಯಲ್ಲ, ದೊಡ್ಡೋರು ಓದೋಕೂ ಕಷ್ಟ. ಸಿನಿಮಾದಲ್ಲಿ ಹಿಡ್ಕೊಂಡು ಹೋಗೋ ಮೇಕೆ ಮೇಷ್ಟ್ರು ಇಲ್ಲಿ ಕೊಲೆಯಾಗ್ತಾರೆ, ರಾಜಕುಮಾರ ಫಿಯೆರೋಗೆ ಹೆಂಡ್ತಿ ಮಕ್ಕಳಿದ್ರೂ ಎಲ್ಫಬಾ ಜೊತೆ ಸಂಬಂಧ, ಮುಂದೆ ಅವನ ಮಗನೊಬ್ಬ ಸಾಯೋದೂ ಇದೆ. ಇದು ಆ ಓಝ್ ಕತೇನ ಇಟ್ಕೊಂಡು ಗ್ರೆಗರಿ ಮ್ಯಾಗ್ವೈರ್ 1995ರಲ್ಲಿ ದೊಡ್ಡೋರಿಗೆ ಅಂತಲೇ ಬರೆದಿದ್ದು. 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದೋರು ಅದನ್ನ ತುಂಬಾ ತಿಳಿ ಮಾಡ್ಕೊಂಡ್ರು, ಸಿನಿಮಾ ಬಂದಿದ್ದು ಆ ನಾಟಕದಿಂದ. ಆದ್ರೆ ಕವರ್ ಮಾತ್ರ ವಾಪಸ್ ಹೋಗಿ ಕಾದಂಬರಿ ಮೇಲೆ ಕೂತಿದೆ, ಮೋಸ ಆಗೋದು ಅಲ್ಲೇ.

ನನಗೆ ಸಂಕಟ ಆಗಿದ್ದು ಇನ್ನೊಂದಕ್ಕೆ. ಮೂಲ ಓಝ್ ಕತೆ ಬರೆದ ಬಾಮ್ 1900ರಲ್ಲೇ ಮುನ್ನುಡೀಲಿ, ಇದ್ರಲ್ಲಿ ಬೆರಗು ಸಂತೋಷ ಉಳಿಸ್ಕೊಂಡು ಮನಸ್ಸು ನೋಯಿಸೋದನ್ನ, ಕೆಟ್ಟ ಕನಸು ತರೋದನ್ನ ಬಿಟ್ಟಿದೀನಿ ಅಂತ ಹೇಳಿದ್ರು. ಅವ್ರು ಬಿಟ್ಟಿದ್ದನ್ನೇ ಮ್ಯಾಗ್ವೈರ್ ಹುಡುಕಿ ಹುಡುಕಿ ತುಂಬಿದಾರೆ. ಹಳೇ ಕತೇನ ಇನ್ನೊಬ್ರು ಹೇಳೋದು ತಪ್ಪು ಅಂತಲ್ಲ, ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯಾನ ಕುವೆಂಪು ಕಿಂದರಿಜೋಗಿ ಮಾಡಿದ್ದಕ್ಕೇ ಅಲ್ವಾ ನಾವೆಲ್ಲ ಕುಣಿದು ಬೆಳೆದಿದ್ದು, ಅದು ಮಕ್ಕಳ ಪದ್ಯದಿಂದ ಮಕ್ಕಳ ಪದ್ಯಕ್ಕೇ ಬಂತು.

ಆಫೀಸಲ್ಲಿ ಹೇಳಿದ್ರೆ ಒಬ್ಬೊಬ್ರದ್ದು ಒಂದೊಂದು ಮಾತು. ಒಬ್ಳು, ಕೆಟ್ಟವಳು ಅಂತ ಊರೇ ಹಣೆಪಟ್ಟಿ ಕಟ್ಟೋದು ಹೇಗೆ ಅಂತ ಇಷ್ಟು ಚೆನ್ನಾಗಿ ಬರೆದಿರೋದು ಬೇರೆ ಓದಿಲ್ಲ, ಎರಡು ಸಲ ಓದಿದೀನಿ ಅಂದ್ಲು. ಇನ್ನೊಬ್ರು ಬರೀ ರಾಜಕೀಯ, ಎಳೀತಾನೆ ಅಂತ ನೂರು ಪುಟಕ್ಕೇ ಬಿಟ್ರಂತೆ. ಚಿಕ್ಕಂದಿನಲ್ಲಿ ಓಝ್ ಓದಿ ಬೆಳೆದ ಸೀನಿಯರ್ ಒಬ್ರು, ಆಮೇಲೆ ಡೊರೊಥೀನ ಮೊದಲಿನ ಹಾಗೆ ನೋಡೋಕೇ ಆಗ್ಲಿಲ್ಲ ಕಣಮ್ಮ ಅಂದ್ರು. ನನಗೆ ಅವರ ಮಾತೇ ನಾಟ್ತು. ದೊಡ್ಡೋರು ಬೇಕಿದ್ರೆ ಓದ್ಲಿ, ಒಳ್ಳೇ ಬರವಣಿಗೆ, ನಾನು ಇಲ್ಲ ಅನ್ನಲ್ಲ. ಆದ್ರೆ ಹನ್ನೊಂದು ವರ್ಷದ ಮಗು ಕೈಗೆ ಬೇಡ್ವೇ ಬೇಡ.

ಸಿನಿಮಾಗೆ ಯು, ಯುಎ, ಎ ಅಂತ ಸರ್ಟಿಫಿಕೇಟ್ ಇದೆ, ಪುಸ್ತಕಕ್ಕೆ ಅಂಥದ್ದಿಲ್ಲ. ಹಳೇ ಕತೆಗಳ ಕಾಪಿರೈಟ್ ಮುಗೀತಾ ಬಂದ ಹಾಗೆ ಇಂಥವು ಇನ್ನೂ ಬರತ್ವೆ, ಅಮೆರಿಕದಲ್ಲಿ ವಿನ್ನಿ ದ ಪೂ ಅನ್ನೋ ಮಕ್ಕಳ ಕರಡಿ ಕತೆಯ ಮೊದಲ ಪುಸ್ತಕದ ಹಕ್ಕು 2022ಕ್ಕೆ ಮುಗೀತು, 2023ಕ್ಕೆ ಆ ಕರಡೀನ ಕೊಲೆಗಾರ ಮಾಡಿ ಹಾರರ್ ಸಿನಿಮಾನೇ ಬಂತು. ಅಂಗಡೀಲೇ ನಿಂತು ಮೊದಲ ಐದು ಪುಟ, ಮಧ್ಯದಲ್ಲಿ ಎರಡು ಕಡೆ ಓದಿ ನೋಡಿ, ಮಕ್ಕಳಿಗಾದ್ರೆ ಬಾಮ್ ಬರೆದ ಮೂಲಾನೇ ಕೇಳಿ ತಗೊಳ್ಳಿ.

ಸೋಮವಾರ ಅಂಗಡಿಗೆ ಹೋಗಿ ಸಮಾಧಾನವಾಗೇ ಹೇಳಿದೆ, ದುಡ್ಡು ವಾಪಸ್ ಕೇಳಲಿಲ್ಲ, ರ‍್ಯಾಕ್ ಬದಲಾಯಿಸಿ ಅಂದೆ ಅಷ್ಟೇ. ಆಯ್ತು ಮೇಡಂ ಅಂತ ನನ್ನೆದುರೇ ತೆಗೆದು ಮೇಲಿಟ್ರು. ಎಂಟು ದಿನ ಬಿಟ್ಟು ನೋಟ್‌ಬುಕ್ ತರೋಕೆ ಹೋದ್ರೆ ಮತ್ತೆ ಅಲ್ಲೇ ಇತ್ತು, ಮೂರು ಕಾಪಿ, ಬಣ್ಣ ಹಚ್ಚೋ ಪುಸ್ತಕಗಳ ಪಕ್ಕದಲ್ಲಿ.