ಕೃಷಿ ಹೊಂಡದ ಬಳಿ ಮಕ್ಕಳ ಸುರಕ್ಷತೆ: ಮೊದಲು ಬೇಲಿಯೋ, ಈಜೋ?

ಹೊಲದಲ್ಲಿ ಕೃಷಿ ಹೊಂಡವಿರುವ ಕುಟುಂಬಕ್ಕೆ ಬೇಲಿ ಮತ್ತು ಈಜಿನ ತರಬೇತಿ ಎರಡನ್ನೂ ಒಂದೇ ಸಲ ಹೊಂದಿಸಲಾಗದಿದ್ದರೆ, ಮಗುವಿನ ವಯಸ್ಸನ್ನು ನೋಡಿ ನಿರ್ಧರಿಸುವುದು ಸೂಕ್ತ. ಐದು ವರ್ಷದೊಳಗಿನ ಮಗುವಿದ್ದರೆ ಬೇಲಿಯೇ ಮೊದಲು. ಏಕೆಂದರೆ ಅಷ್ಟು ಚಿಕ್ಕ ಮಗು ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಳುಗಿಬಿಡಬಹುದು, ನಾಟಿ ಮತ್ತು ಕಳೆ ತೆಗೆಯುವ ದಿನಗಳಲ್ಲಂತೂ ಹಿರಿಯರ ಕಣ್ಣು ಸದಾ ಅದರ ಮೇಲಿರುತ್ತದೆಂದು ನಂಬುವಂತಿಲ್ಲ. ಬೇಲಿ ಎದೆಮಟ್ಟಕ್ಕಿದ್ದು, ಮಗು ನುಸುಳಲಾಗದಷ್ಟು ಒತ್ತಾಗಿರಬೇಕು, ಚಿಲಕ ಅದರ ಕೈಗೆಟುಕಬಾರದು; ಮುಳ್ಳುಕಂಟಿಯ ಬೇಲಿ ಅಗ್ಗವೇನೋ ಹೌದು, ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರಲ್ಲಿ ಸಂದುಗಳು ಬೀಳುತ್ತವೆ.

ಈಜು ಮತ್ತು ನೀರಿನ ಸುರಕ್ಷತೆಯ ಕಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 6 ವರ್ಷ ದಾಟಿದ ಮಕ್ಕಳಿಗೆ ಶಿಫಾರಸು ಮಾಡುತ್ತದೆ. ಕೆರೆ, ಕಾಲುವೆ, ಹೊಳೆಗಳಿಗೆಲ್ಲ ಬೇಲಿ ಹಾಕಲಾಗದ ಕಾರಣ ಇದರ ಪ್ರಯೋಜನ ಹೊಲದಾಚೆಗೂ ಉಂಟು. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುವುದರಿಂದ, ಈಜು ಬಲ್ಲವರೂ ಮೇಲೆ ಹತ್ತಲಾಗದೆ ದಣಿಯುತ್ತಾರೆ. ಹಾಗಾಗಿ ಯಾವುದನ್ನು ಆರಿಸಿಕೊಂಡರೂ, ದಡದ ಗೂಟಕ್ಕೆ ಬಿಗಿದ ಗಂಟುಹಗ್ಗವೊಂದು ನೀರಿನವರೆಗೆ ಇಳಿಬಿದ್ದಿರಲಿ. ಅದರ ಖರ್ಚು ಇವೆರಡಕ್ಕಿಂತಲೂ ಕಡಿಮೆ.